ಅಲ್ಜೈಮರ್ ಕಾಯಿಲೆ: ಸಂಶೋಧನೆ ನಡೆದುಬಂದ ದಾರಿ

ಮಿದುಳಿನ ನರಕೋಶಗಳು ಮೆಲ್ಲಮೆಲ್ಲಗೆ ನಶಿಸುತ್ತ ಹೋಗುವ ರೋಗ ಅಲ್ಜೈಮರ್. ಮೊದಲು ಹೊಸ ನೆನಪು ನಿಲ್ಲುವುದಿಲ್ಲ. ಬೆಳಿಗ್ಗೆ ಬಂದುಹೋದ ನೆಂಟರು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ನಲವತ್ತು ವರ್ಷದ ಹಿಂದಿನ ಮದುವೆಯ ಊಟ ಮಾತ್ರ ಸಾರು ಪಲ್ಯದ ಸಮೇತ ನೆನಪಿರುತ್ತದೆ. ಆಮೇಲೆ ದಾರಿ, ಮಾತು, ಲೆಕ್ಕ, ಮನೆಯವರ ಮುಖ ಒಂದೊಂದಾಗಿ ಕೈಬಿಡುತ್ತವೆ. ಕೊನೆಗೆ ನಡೆಯುವುದು, ತುತ್ತು ನುಂಗುವುದು ಕೂಡ ಮರೆತುಹೋಗುತ್ತದೆ. ಬುದ್ಧಿಶಕ್ತಿ ಕುಗ್ಗಿ, ದಿನದ ಬದುಕಿಗೆ ಇನ್ನೊಬ್ಬರ ಆಸರೆ ಬೇಕಾಗುವ ಸ್ಥಿತಿಗೆ ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ. ಇದಕ್ಕೆ ಕಾರಣಗಳು ಹಲವು, ಅವುಗಳಲ್ಲಿ ಅಲ್ಜೈಮರ್ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು. ಅದರಲ್ಲಿ ಶೇ 60ರಿಂದ 70ರಷ್ಟು ಅಲ್ಜೈಮರ್.

ಕನ್ನಡದಲ್ಲಿ ಇದಕ್ಕೆ ಅರಳುಮರಳು ಎಂಬ ಹಳೆಯ ಪದವಿದೆ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಗಾದೆಯ ಒಳಗೊಂದು ತೀರ್ಮಾನವೂ ಇದೆ: ವಯಸ್ಸಾದ ಮೇಲೆ ಹೀಗಾಗುವುದು ಸಹಜ, ಇದಕ್ಕೆ ಮದ್ದಿಲ್ಲ, ವೈದ್ಯರ ಹತ್ತಿರ ಹೋಗುವ ಅಗತ್ಯವೂ ಇಲ್ಲ. ನೂರು ವರ್ಷಕ್ಕೂ ಹೆಚ್ಚಿನ ಸಂಶೋಧನೆ ಈ ತೀರ್ಮಾನವನ್ನು ಬುಡಮೇಲು ಮಾಡಿದೆ. ಇದು ಮುಪ್ಪಿನ ಪಾಲಲ್ಲ, ರೋಗ. ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ, ಮನುಷ್ಯ ಮಕ್ಕಳ ಮದುವೆ, ಮನೆ ಸಾಲ ಎಂದು ಓಡಾಡಿಕೊಂಡಿರುವಾಗಲೇ, ಅದು ಮಿದುಳಿನಲ್ಲಿ ಸದ್ದಿಲ್ಲದೆ ಶುರುವಾಗಿರುತ್ತದೆ. ಈಚಿನ ಸಂಶೋಧನೆಯ ಬಹುಪಾಲು ಆ ಸದ್ದಿಲ್ಲದ ವರ್ಷಗಳನ್ನು ಕುರಿತದ್ದು.

ಫ್ರಾಂಕ್‌ಫರ್ಟಿನ ರೋಗಿ

1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸನ್ನು ಸೇರಿಸಿದರು. ಅಲ್ಲಿನ ವೈದ್ಯ ಅಲೋಯಿಸ್ ಅಲ್ಜೈಮರ್ ಆಕೆಯ ಎದುರು ಕೂತು ಪ್ರಶ್ನೆ ಕೇಳುತ್ತ, ಉತ್ತರಗಳನ್ನು ಇದ್ದಹಾಗೇ ಬರೆದಿಟ್ಟರು. ನಿನ್ನ ಹೆಸರೇನು ಎಂದರೆ ಆಗುಸ್ಟೆ. ಗಂಡನ ಹೆಸರೇನು ಎಂದರೆ ಅದಕ್ಕೂ ಆಗುಸ್ಟೆ. ಮಧ್ಯಾಹ್ನ ಆಕೆ ಹೂಕೋಸು ಮತ್ತು ಹಂದಿಮಾಂಸ ಉಣ್ಣುತ್ತಿದ್ದಳು. ಏನು ತಿನ್ನುತ್ತಿದ್ದೀಯ ಎಂದು ಕೇಳಿದರೆ ಪಾಲಕ್ ಸೊಪ್ಪು ಎಂದಳು. ಹೆಸರು ಬರೆಯಲು ಕೊಟ್ಟರೆ ಅರ್ಧಕ್ಕೆ ನಿಲ್ಲಿಸಿ, ಏನು ಬರೆಯಬೇಕಿತ್ತು ಎಂಬುದನ್ನೇ ಮರೆತಳು. ಆ ಕಡತ ಕಾಣೆಯಾಗಿ, 1995ರಲ್ಲಿ ಫ್ರಾಂಕ್‌ಫರ್ಟಿನಲ್ಲೇ ಮತ್ತೆ ಸಿಕ್ಕಿತು. ಒಂದು ಶತಮಾನದ ಹಿಂದಿನ ಈ ಹಾಳೆಗಳನ್ನು ಓದುವಾಗ, ಮನೆಯಲ್ಲಿ ಇಂಥ ರೋಗಿಯನ್ನು ನೋಡಿಕೊಂಡವರಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ.

ಆಗುಸ್ಟೆ 1906ರ ಏಪ್ರಿಲಿನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಅಲ್ಜೈಮರ್ ಮ್ಯೂನಿಕ್‌ಗೆ ಹೋಗಿದ್ದರು. ಆಕೆಯ ಮಿದುಳನ್ನು ಅಲ್ಲಿಗೆ ತರಿಸಿಕೊಂಡು, ತೆಳುವಾಗಿ ಸೀಳಿ, ಆ ಕಾಲಕ್ಕೆ ಹೊಸದಾಗಿದ್ದ ಬೆಳ್ಳಿಯ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡು ವಿಚಿತ್ರಗಳು ಕಂಡವು: ನರಕೋಶಗಳ ಹೊರಗೆ ಚದುರಿಬಿದ್ದ ಗಟ್ಟಿ ಚಕ್ಕೆಗಳು, ಕೋಶಗಳ ಒಳಗೆ ಸಿಕ್ಕುಗಟ್ಟಿದ ದಾರದ ಉಂಡೆಗಳಂಥ ಗಂಟುಗಳು. ಆ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ವೈದ್ಯರ ಸಭೆಯ ಮುಂದೆ ಇದನ್ನು ವಿವರಿಸಿದಾಗ ಯಾರೂ ಒಂದು ಪ್ರಶ್ನೆ ಕೂಡ ಕೇಳಲಿಲ್ಲ. 1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಮನೋವೈದ್ಯ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಅಲ್ಜೈಮರ್ ಹೆಸರು ಕೊಟ್ಟರು. ಆಗುಸ್ಟೆಯ ಚಿಕ್ಕ ವಯಸ್ಸು ಒಂದು ತಪ್ಪು ತಿಳಿವಳಿಕೆಗೂ ದಾರಿಯಾಯಿತು. ಐವತ್ತರ ಆಸುಪಾಸಿನಲ್ಲಿ ಬಂದರೆ ಅದು ಅಲ್ಜೈಮರ್, ಎಪ್ಪತ್ತೆಂಬತ್ತರಲ್ಲಿ ಬಂದರೆ ಬರೀ ಮುಪ್ಪು ಎಂಬ ವಿಂಗಡಣೆ ಅರವತ್ತು ವರ್ಷಕ್ಕೂ ಮೀರಿ ಉಳಿಯಿತು. ಎರಡರಲ್ಲೂ ಮಿದುಳಿನಲ್ಲಿ ಕಾಣುವುದು ಅದೇ ಚಕ್ಕೆ, ಅದೇ ಗಂಟು ಎಂದು ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ 1976ರಲ್ಲಿ ಒತ್ತಿ ಹೇಳಿದ ಮೇಲೆಯೇ ಲಕ್ಷಾಂತರ ವೃದ್ಧರ ಮರೆವು ರೋಗವೆಂದು ಎಣಿಕೆಗೆ ಬಂದದ್ದು.

ಚಕ್ಕೆ ಮತ್ತು ಗಂಟು

ಚಕ್ಕೆಯಲ್ಲಿರುವ ವಸ್ತುವಿನ ಹೆಸರು ಬೀಟಾ ಅಮಿಲಾಯ್ಡ್. ಅಮಿಲಾಯ್ಡ್ ಎಂದರೆ ಪಿಷ್ಟದಂಥದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ರುಡಾಲ್ಫ್ ವಿರ್ಕೊ ಅಯೋಡಿನ್ ಹಾಕಿದಾಗ ಕಂಡ ಬಣ್ಣದಿಂದ ಇಂಥ ವಸ್ತುವನ್ನು ಗಂಜಿಯ ಜಾತಿಯದೆಂದು ಬಗೆದಿದ್ದರು. ನಿಜದಲ್ಲಿ ಇದು ಪ್ರೋಟೀನ್, ಹೆಸರು ಮಾತ್ರ ಹಳೆಯದೇ ಉಳಿಯಿತು. 1984ರಲ್ಲಿ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಇದನ್ನು ಮಿದುಳಿನ ರಕ್ತನಾಳಗಳಿಂದ ಬೇರ್ಪಡಿಸಿ ಅದರ ರಚನೆ ಗುರುತಿಸಿದರು. ನರಕೋಶದ ಪೊರೆಯಲ್ಲಿ ಎಪಿಪಿ ಎಂಬ ಉದ್ದನೆಯ ಪ್ರೋಟೀನ್ ಇರುತ್ತದೆ. ಕಿಣ್ವಗಳು ಅದನ್ನು ಒಂದು ಜಾಗದಲ್ಲಿ ಕತ್ತರಿಸಿದರೆ ತೊಂದರೆಯಿಲ್ಲ. ಬೇರೆ ಎರಡು ಜಾಗಗಳಲ್ಲಿ ಕತ್ತರಿಸಿದರೆ ನಲವತ್ತರ ಆಸುಪಾಸಿನ ಅಮೈನೊ ಆಮ್ಲಗಳ ತುಂಡೊಂದು ಹೊರಬೀಳುತ್ತದೆ. ಎಲ್ಲರ ಮಿದುಳಿನಲ್ಲೂ ಇದು ದಿನವೂ ನಡೆಯುವ ಕೆಲಸ, ತುಂಡುಗಳು ತೊಳೆದುಹೋಗುತ್ತಿರುತ್ತವೆ. ಅವುಗಳಲ್ಲಿ 42 ಅಮೈನೊ ಆಮ್ಲಗಳ ತುಂಡು ಅಂಟು ಜಾಸ್ತಿಯದು. ತೊಳೆಯುವುದು ಕಡಿಮೆಯಾಗಿಯೋ ಹುಟ್ಟುವುದು ಹೆಚ್ಚಾಗಿಯೋ ಅದು ಒಂದಕ್ಕೊಂದು ಅಂಟಿಕೊಂಡು ಮೊದಲು ಸಣ್ಣ ಎಳೆ, ಆಮೇಲೆ ಚಕ್ಕೆ ಆಗುತ್ತದೆ.

ಗಂಟಿನೊಳಗಿರುವುದು ಟೌ. ನರಕೋಶದ ಉದ್ದನೆಯ ಬಾಲದೊಳಗೆ ಸರಕು ಸಾಗಿಸಲು ಸೂಕ್ಷ್ಮ ಕೊಳವೆಗಳಿರುತ್ತವೆ. ಚಪ್ಪರದ ಗಳುಗಳನ್ನು ಹಗ್ಗ ಬಿಗಿದಿಟ್ಟ ಹಾಗೆ ಟೌ ಆ ಕೊಳವೆಗಳನ್ನು ನಿಲ್ಲಿಸಿಟ್ಟಿರುತ್ತದೆ. ರೋಗದಲ್ಲಿ ಟೌಗೆ ಅತಿಯಾಗಿ ಫಾಸ್ಫೇಟ್ ಅಂಟಿ, ಹಗ್ಗ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಹಗ್ಗಗಳು ತಮ್ಮಲ್ಲೇ ಹೆಣೆದುಕೊಂಡು ಗಂಟಾಗುತ್ತವೆ, ಚಪ್ಪರ ಕುಸಿಯುತ್ತದೆ. 2017ರಲ್ಲಿ ಕೇಂಬ್ರಿಜ್‌ನ ಮಿಷೆಲ್ ಗೋಡರ್ಟ್ ಮತ್ತು ಶೋರ್ಸ್ ಶೆರೆಸ್ ಅವರ ತಂಡ, ತೀರಿಕೊಂಡ ರೋಗಿಯೊಬ್ಬರ ಮಿದುಳಿನಿಂದ ತೆಗೆದ ಟೌ ಎಳೆಗಳನ್ನು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೆಚ್ಚುಕಡಿಮೆ ಪರಮಾಣು ಮಟ್ಟದ ವಿವರದಲ್ಲಿ ಕಂಡಿತು. ಟೌ ಗಂಟುಗಳಿರುವ ಬೇರೆ ಬೇರೆ ರೋಗಗಳಲ್ಲಿ ಎಳೆಯ ಮಡಿಕೆಯೂ ಬೇರೆ ಬೇರೆ ಎಂಬುದು ನಂತರದ ಕೆಲಸದಿಂದ ತಿಳಿಯಿತು.

ಗಂಟುಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. 1991ರಲ್ಲಿ ಹೈಕೊ ಬ್ರಾಕ್ ಮತ್ತು ಇವಾ ಬ್ರಾಕ್ ದಂಪತಿ ಅವುಗಳ ಹಾದಿಯನ್ನು ಗುರುತಿಸಿದರು. ಮೊದಲು ಕಿವಿಯ ನೇರಕ್ಕೆ ಒಳಗಿರುವ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಭಾಗ, ಅಲ್ಲಿಂದ ಪಕ್ಕದ ಹಿಪ್ಪೊಕ್ಯಾಂಪಸ್, ಆಮೇಲೆ ಮಿದುಳಿನ ಮೇಲ್ಪದರ. ಹೊಸ ನೆನಪನ್ನು ಕೂಡಿಸಿಡುವುದು ಹಿಪ್ಪೊಕ್ಯಾಂಪಸ್. ನಾವೆಲ್ಲಿದ್ದೇವೆ, ಎತ್ತ ತಿರುಗಬೇಕು ಎಂಬ ಒಳನಕ್ಷೆಯನ್ನು ಬಿಡಿಸುವ ಜಾಲಕೋಶಗಳಿರುವುದು ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ. ಈ ಕೋಶಗಳನ್ನು ಕಂಡುಹಿಡಿದ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರಿಗೆ ಜಾನ್ ಓ’ಕೀಫ್ ಜೊತೆ 2014ರ ನೊಬೆಲ್ ಬಂತು. ಮೂವತ್ತು ವರ್ಷದಿಂದ ನಡೆದ ಬೀದಿಯಲ್ಲಿ ಹಾಲು ತರಲು ಹೋದ ಅಜ್ಜ ಮನೆಗೆ ಮರಳುವ ತಿರುವಿನಲ್ಲಿ ಗಲಿಬಿಲಿಗೊಂಡು ನಿಲ್ಲುವುದೇಕೆ ಎಂಬುದು ಇಲ್ಲಿಂದ ಅರ್ಥವಾಗುತ್ತದೆ. ರೋಗ ಮೊದಲು ಕೈಯಿಡುವುದೇ ಆ ನಕ್ಷೆಗೆ. ಮರೆವಿನ ತೀವ್ರತೆಗೂ ಚಕ್ಕೆಗಳ ಲೆಕ್ಕಕ್ಕೂ ಹೊಂದಿಕೆ ಕಡಿಮೆ, ಗಂಟುಗಳ ಲೆಕ್ಕಕ್ಕೆ ಹೊಂದಿಕೆ ಹೆಚ್ಚು. ಇದು ಮುಂದಿನ ಕಥೆಗೆ ಮುಖ್ಯ.

ಕುಟುಂಬಗಳು ಹೇಳಿದ್ದು

ಚಕ್ಕೆ ರೋಗದ ಕಾರಣವೋ, ರೋಗ ಬಿಟ್ಟುಹೋದ ಬೂದಿಯೋ? ಉತ್ತರದ ಬಹುಭಾಗ ಬಂದದ್ದು ವಂಶವಾಹಿಗಳಿಂದ. ಎಪಿಪಿಯ ಜೀನ್ ಇರುವುದು 21ನೆಯ ವರ್ಣತಂತುವಿನಲ್ಲಿ ಎಂದು 1987ರಲ್ಲಿ ತಿಳಿಯಿತು. ಡೌನ್ ಸಿಂಡ್ರೋಮ್ ಇರುವವರಲ್ಲಿ ಇದೇ ವರ್ಣತಂತು ಎರಡರ ಬದಲು ಮೂರಿರುತ್ತದೆ, ಅವರಲ್ಲಿ ನಲವತ್ತು ದಾಟುವಷ್ಟರಲ್ಲಿ ಚಕ್ಕೆಗಳು ತುಂಬಿರುತ್ತವೆ. 1991ರಲ್ಲಿ ಲಂಡನ್ನಿನಲ್ಲಿ ಅಲಿಸನ್ ಗೋಟ್, ಜಾನ್ ಹಾರ್ಡಿ ಮತ್ತು ಸಂಗಡಿಗರು, ತಲೆಮಾರಿನಿಂದ ತಲೆಮಾರಿಗೆ ಚಿಕ್ಕ ವಯಸ್ಸಿನಲ್ಲೇ ಅಲ್ಜೈಮರ್ ಬರುತ್ತಿದ್ದ ಕುಟುಂಬದಲ್ಲಿ ಈ ಜೀನಿನ ದೋಷವನ್ನು ಕಂಡರು. ಮರುವರ್ಷವೇ, ಅಮಿಲಾಯ್ಡ್ ಮೊದಲು, ಟೌ ಆಮೇಲೆ, ಕೋಶದ ಸಾವು ಕೊನೆಗೆ ಎಂಬ ‘ಅಮಿಲಾಯ್ಡ್ ಸರಣಿ’ ಸಿದ್ಧಾಂತ ಮಂಡನೆಯಾಯಿತು. 1995ರಲ್ಲಿ ಸಿಕ್ಕ ಪ್ರೆಸೆನಿಲಿನ್ ಜೀನ್‌ಗಳು ಅದನ್ನು ಗಟ್ಟಿಮಾಡಿದವು, ಏಕೆಂದರೆ ಅವು ಎಪಿಪಿಯನ್ನು ಕತ್ತರಿಸುವ ಕಿಣ್ವದ ಭಾಗಗಳೇ. ಎದುರು ದಿಕ್ಕಿನಿಂದ ಬಂದು ಅದನ್ನೇ ಎತ್ತಿಹಿಡಿದ ಸಾಕ್ಷಿಯೂ ಅಷ್ಟೇ ಬಲವಾದದ್ದು: ಐಸ್‌ಲೆಂಡಿನಲ್ಲಿ ಎಪಿಪಿಯ ಒಂದು ಅಪರೂಪದ ಬದಲಾವಣೆ ಅಮಿಲಾಯ್ಡನ್ನು ತಗ್ಗಿಸಿ, ಅದಿರುವವರನ್ನು ರೋಗದಿಂದ ಕಾಯುತ್ತದೆ ಎಂದು 2012ರಲ್ಲಿ ವರದಿಯಾಯಿತು.

ಇವು ವಿರಳ ಕುಟುಂಬಗಳು. ಸಾಮಾನ್ಯವಾಗಿ ಮುಪ್ಪಿನಲ್ಲಿ ಬರುವ ಅಲ್ಜೈಮರ್‌ಗೆ ಅತಿ ದೊಡ್ಡ ಜೀನ್ ಸುಳಿವು 1993ರಲ್ಲಿ ಸಿಕ್ಕ ಎಪಿಒಇ-4, ಎಂದರೆ ಎಪಿಒಇ ಜೀನಿನ ಒಂದು ರೂಪ. ಯುರೋಪ್ ಮೂಲದವರ ಅಧ್ಯಯನಗಳ ಪ್ರಕಾರ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಹತ್ತು ಪಟ್ಟಿನ ಆಸುಪಾಸು. ಆದರೂ ಇದು ಹಣೆಬರಹವಲ್ಲ, ಇದನ್ನು ಹೊತ್ತು ತೊಂಬತ್ತರವರೆಗೆ ಚುರುಕಾಗಿ ಬಾಳಿದವರಿದ್ದಾರೆ.

ಜೀನ್ ಕಥೆಯ ಅತಿ ಮನಮುಟ್ಟುವ ಅಧ್ಯಾಯ ಕೊಲಂಬಿಯಾ ದೇಶದ ಆಂಟಿಯೋಕಿಯಾ ಬೆಟ್ಟಗಾಡಿನದು. ಅಲ್ಲಿನ ದೊಡ್ಡ ಕುಟುಂಬವೊಂದರಲ್ಲಿ ಪ್ರೆಸೆನಿಲಿನ್ ದೋಷವಿದ್ದವರಿಗೆ ನಲವತ್ತು ನಲವತ್ತೈದಕ್ಕೆಲ್ಲ ಮರೆವು ಶುರುವಾಗುತ್ತಿತ್ತು. ನರವೈದ್ಯ ಫ್ರಾನ್ಸಿಸ್ಕೊ ಲೊಪೆರಾ ದಶಕಗಳ ಕಾಲ ಆ ಹಳ್ಳಿಗಳಿಗೆ ಓಡಾಡಿ, ಚರ್ಚಿನ ದಾಖಲೆ ಹುಡುಕಿ, ಸಾವಿರಾರು ಜನರ ವಂಶವೃಕ್ಷ ಕಟ್ಟಿದರು. ಆ ಕುಟುಂಬದ ಒಬ್ಬ ಹೆಂಗಸಿಗೆ ದೋಷವಿದ್ದೂ ಎಪ್ಪತ್ತರ ತನಕ ಗಂಭೀರ ಮರೆವು ಬರಲಿಲ್ಲ. ಪರೀಕ್ಷಿಸಿದಾಗ ಮಿದುಳಿನ ತುಂಬ ಅಮಿಲಾಯ್ಡ್ ಇತ್ತು, ಟೌ ಮಾತ್ರ ಕಡಿಮೆಯಿತ್ತು. ಎಪಿಒಇ ಜೀನಿನ ಕ್ರೈಸ್ಟ್‌ಚರ್ಚ್ ಎಂಬ ಅಪರೂಪದ ರೂಪದ ಎರಡು ಪ್ರತಿಗಳು ಆಕೆಯಲ್ಲಿದ್ದವು ಎಂದು 2019ರಲ್ಲಿ ಪ್ರಕಟವಾಯಿತು. ಅಮಿಲಾಯ್ಡ್‌ನಿಂದ ಟೌಗೆ ಹೋಗುವ ಕೊಂಡಿಯನ್ನು ನಡುವೆ ಮುರಿಯಬಹುದು ಎಂಬುದಕ್ಕೆ ಒಂದು ಜೀವ ನಿಂತು ಸಾಕ್ಷಿ ಹೇಳಿದಂತಾಯಿತು. ಲೊಪೆರಾ 2024ರಲ್ಲಿ ತೀರಿಕೊಂಡರು.

ಔಷಧದ ಬೆನ್ನು ಹತ್ತಿ

ಹಳೆಯ ಮಾತ್ರೆಗಳು ರೋಗವನ್ನು ಮುಟ್ಟುವುದಿಲ್ಲ. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡೊನೆಪೆಜಿಲ್, ಮಿದುಳಿನಲ್ಲಿ ಬತ್ತುತ್ತಿರುವ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕವನ್ನು ಒಂದಿಷ್ಟು ಉಳಿಸಿ, ಕೆಲವರಿಗೆ ಕೆಲಕಾಲ ನೆರವಾಗುತ್ತದೆ, ಅಷ್ಟೆ.

ಅಮಿಲಾಯ್ಡನ್ನೇ ತೆಗೆದುಹಾಕುವ ಪ್ರಯತ್ನ 1999ರಲ್ಲಿ ಶುರುವಾಯಿತು. ಡೇಲ್ ಶೆಂಕ್ ಅವರ ತಂಡ ಇಲಿಗಳಿಗೆ ಅಮಿಲಾಯ್ಡನ್ನೇ ಲಸಿಕೆಯಾಗಿ ಚುಚ್ಚಿದಾಗ ಚಕ್ಕೆಗಳು ಕರಗಿದವು. ಮನುಷ್ಯರ ಮೇಲಿನ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಲಸಿಕೆ ಪಡೆದವರಲ್ಲಿ ಶೇ 6ರಷ್ಟು ಮಂದಿಗೆ ಮಿದುಳಿನ ಉರಿಯೂತ ಬಂದಿತ್ತು. ಲಸಿಕೆಯ ಬದಲು ಸಿದ್ಧ ಪ್ರತಿಕಾಯಗಳನ್ನೇ ರಕ್ತಕ್ಕೆ ಹನಿಸುವುದು ಮುಂದಿನ ದಾರಿ. ಬಾಪಿನ್ಯೂಜುಮಾಬ್ 2012ರಲ್ಲಿ ಸೋತಿತು, ಸೊಲನೆಜುಮಾಬ್ 2016ರಲ್ಲಿ ಸೋತಿತು. ಅಮಿಲಾಯ್ಡ್ ಹುಟ್ಟದಂತೆ ಕಿಣ್ವವನ್ನೇ ತಡೆಯುವ ಮಾತ್ರೆಗಳೂ ಸೋತವು, ಕೆಲವು ರೋಗಿಗಳ ಬುದ್ಧಿಶಕ್ತಿಯನ್ನು ಇನ್ನಷ್ಟು ಕುಗ್ಗಿಸಿದವು. 2021ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಡುಕಾನುಮಾಬ್‌ಗೆ ಒಪ್ಪಿಗೆ ಕೊಟ್ಟಾಗ, ಬೇಡವೆಂದು ಹೇಳಿದ್ದ ಅದರ ಸಲಹಾ ಸಮಿತಿಯ ಮೂವರು ತಜ್ಞರು ರಾಜೀನಾಮೆ ಕೊಟ್ಟು ಹೊರಬಂದರು. ಪ್ರಯೋಗದಲ್ಲಿ ಗುಣ ಸಾಬೀತಾಗದ ಆ ಔಷಧಕ್ಕೆ ವರ್ಷಕ್ಕೆ 56,000 ಡಾಲರ್ ಬೆಲೆ ಇಟ್ಟಿದ್ದರು. ಅದನ್ನು ಕೈಬಿಡುತ್ತಿರುವುದಾಗಿ ಕಂಪನಿ 2024ರ ಜನವರಿಯಲ್ಲಿ ಪ್ರಕಟಿಸಿತು. ರೋಗಿಗಳ ಹತಾಶೆಯನ್ನು ಮುಂದಿಟ್ಟುಕೊಂಡು ಸಾಕ್ಷ್ಯದ ಮಟ್ಟವನ್ನು ಇಳಿಸಿದ ಈ ಪ್ರಸಂಗ ಇಡೀ ಕ್ಷೇತ್ರದ ಮೇಲಿನ ನಂಬಿಕೆಗೆ ಪೆಟ್ಟು ಕೊಟ್ಟಿತು.

ಮೊದಲ ಸ್ಪಷ್ಟ ಗೆಲುವು ಲೆಕಾನೆಮಾಬ್‌ನದು. ಅದರ ಬೇರು ಸ್ವೀಡನ್ನಿನಲ್ಲಿದೆ. ಲಾರ್ಸ್ ಲಾನ್‌ಫೆಲ್ಟ್ ಅಲ್ಲಿನ ಒಂದು ಕುಟುಂಬದಲ್ಲಿ, ಅಮಿಲಾಯ್ಡ್‌ನ ಮಧ್ಯಂತರ ಎಳೆಗಳು ವಿಪರೀತ ಹುಟ್ಟುವ ‘ಆರ್ಕ್ಟಿಕ್’ ದೋಷವನ್ನು ಗುರುತಿಸಿದ್ದರು. ಗಟ್ಟಿಯಾದ ಚಕ್ಕೆಗಿಂತ ಈ ಎಳೆಗಳೇ ವಿಷ ಎಂದು ಬಗೆದು ಅವುಗಳನ್ನು ಹಿಡಿಯುವ ಪ್ರತಿಕಾಯವನ್ನು ರೂಪಿಸಿದರು. 2022ರ ಕೊನೆಗೆ ಪ್ರಕಟವಾದ ಪ್ರಯೋಗದಲ್ಲಿ ರೋಗದ ಆರಂಭದ ಹಂತದ 1,795 ಜನರಿದ್ದರು. ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು, ಗ್ಲೂಕೋಸ್ ಹಾಕಿಸಿಕೊಂಡ ಹಾಗೆ ಕೈಯ ರಕ್ತನಾಳಕ್ಕೆ ಔಷಧ ಹನಿಸಿಕೊಂಡು ಹೋಗುವುದು, ಹೀಗೆ ಹದಿನೆಂಟು ತಿಂಗಳು. ರೋಗ ಹೆಚ್ಚಿದಂತೆ ಅಂಕ ಏರುವ, ಒಟ್ಟು 18 ಅಂಕಗಳ ಮಾಪನದಲ್ಲಿ, ಔಷಧವಿಲ್ಲದವರ ಅಂಕ 1.66 ಏರಿದರೆ ಔಷಧ ಪಡೆದವರದು ಏರಿದ್ದು 1.21. ಶೇ 27ರಷ್ಟು ನಿಧಾನ ಎಂದು ಸುದ್ದಿಯಾದದ್ದು ಇದೇ 0.45 ಅಂಕದ ಅಂತರ. ಮನೆಯವರ ಕಣ್ಣಿಗೆ ಈ ಅಂತರ ಕಾಣುತ್ತದೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಂತರ ಬಂದ, ತಿಂಗಳಿಗೊಮ್ಮೆ ಕೊಡುವ ಡೊನಾನೆಮಾಬ್‌ಗೆ 2024ರ ಜುಲೈಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಟೌ ಇನ್ನೂ ಹೆಚ್ಚು ಹರಡದವರಲ್ಲಿ ಅದರ ಫಲ ಹೆಚ್ಚು, ಚಕ್ಕೆ ಕರಗಿದ ಮೇಲೆ ನಿಲ್ಲಿಸಬಹುದು.

ಈ ಔಷಧಗಳು ಹೋದ ನೆನಪನ್ನು ತಂದುಕೊಡುವುದಿಲ್ಲ. ಇಳಿಜಾರನ್ನು ಸ್ವಲ್ಪ ಸಮ ಮಾಡುತ್ತವೆ. ಅದಕ್ಕೆ ತೆರಬೇಕಾದ ಬೆಲೆಯನ್ನು ಮುಚ್ಚಿಡಬಾರದು. ಲೆಕಾನೆಮಾಬ್ ಪಡೆದವರಲ್ಲಿ ಶೇ 12.6 ಮಂದಿಗೆ ಮಿದುಳಿನಲ್ಲಿ ಬಾವು, ಶೇ 17.3 ಮಂದಿಗೆ ಸಣ್ಣಪುಟ್ಟ ರಕ್ತಸ್ರಾವ ಸ್ಕ್ಯಾನಿನಲ್ಲಿ ಕಂಡವು. ಹೆಚ್ಚಿನವರಿಗೆ ಅದು ಗೊತ್ತೂ ಆಗಲಿಲ್ಲ, ಆದರೆ ಡೊನಾನೆಮಾಬ್ ಪ್ರಯೋಗದಲ್ಲಿ ಮೂರು ಸಾವುಗಳನ್ನು ಇದರ ಲೆಕ್ಕಕ್ಕೆ ಹಾಕಿದ್ದಾರೆ. ಎಪಿಒಇ-4 ಎರಡು ಪ್ರತಿ ಇರುವವರಿಗೆ ಅಪಾಯ ಬಹಳ. ಆರಂಭದ ತಿಂಗಳುಗಳಲ್ಲಿ ಮತ್ತೆಮತ್ತೆ ಎಂಆರ್‌ಐ ಮಾಡಿಸಬೇಕು. ಬ್ರಿಟನ್ನಿನ ನಿಯಂತ್ರಕರು ಎರಡಕ್ಕೂ ಪರವಾನಗಿ ಕೊಟ್ಟರೂ, ವೆಚ್ಚಕ್ಕೆ ತಕ್ಕ ಪ್ರಯೋಜನವಿಲ್ಲವೆಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಗೆ 2025ರಲ್ಲಿ ಅವುಗಳ ಶಿಫಾರಸು ಆಗಲಿಲ್ಲ. ಎಂಆರ್‌ಐಗೆ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹಿಡಿಯಬೇಕಾದ ಕುಟುಂಬಕ್ಕೆ ಇದು ಸದ್ಯಕ್ಕೆ ದೂರದ ಮಾತು.

ಈ ದಾರಿಯಲ್ಲಿ ಒಂದು ವಂಚನೆಯ ನೆರಳೂ ಬಿದ್ದಿದೆ. 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಿಲ್ವಾನ್ ಲೆಸ್ನೆ ಮತ್ತು ಸಂಗಡಿಗರು, ಅಮಿಲಾಯ್ಡ್‌ನ ಒಂದು ನಿರ್ದಿಷ್ಟ ಗುಂಪೇ ಇಲಿಗಳಲ್ಲಿ ಮರೆವು ತರುತ್ತದೆ ಎಂದು ಬರೆದಿದ್ದರು. ಅದರ ಚಿತ್ರಗಳನ್ನು ತಿದ್ದಿರುವ ಶಂಕೆಯನ್ನು ಮ್ಯಾಥ್ಯೂ ಶ್ರಾಗ್ ಎತ್ತಿದರು, 2022ರಲ್ಲಿ ‘ಸೈನ್ಸ್’ ಪತ್ರಿಕೆ ತನಿಖಾ ವರದಿ ಪ್ರಕಟಿಸಿತು, 2024ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಇಡೀ ಅಮಿಲಾಯ್ಡ್ ಸಿದ್ಧಾಂತವೇ ಸುಳ್ಳೆಂದು ಆಗ ಹಲವರು ಬರೆದರು. ಅದು ಸರಿಯಲ್ಲ, ಸಿದ್ಧಾಂತದ ಬುಡ ಇರುವುದು ಆ ಒಂದು ಪ್ರಬಂಧದಲ್ಲಲ್ಲ, ಮೇಲೆ ಹೇಳಿದ ಕುಟುಂಬಗಳಲ್ಲಿ.

ರಕ್ತದ ಹನಿಯಲ್ಲಿ ಸುಳಿವು

ಔಷಧಕ್ಕಿಂತ ದೊಡ್ಡ ಹೆಜ್ಜೆ ಬಿದ್ದಿರುವುದು ಪತ್ತೆಯಲ್ಲಿ. ಒಂದು ಕಾಲಕ್ಕೆ ಅಲ್ಜೈಮರ್ ಖಚಿತವಾಗುತ್ತಿದ್ದದ್ದು ಶವಪರೀಕ್ಷೆಯಲ್ಲಿ ಮಾತ್ರ. ಪಿಟ್ಸ್‌ಬರ್ಗಿನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಚಕ್ಕೆಗೆ ಅಂಟಿ ಪೆಟ್ ಸ್ಕ್ಯಾನಿನಲ್ಲಿ ಬೆಳಗುವ ರಾಸಾಯನಿಕವನ್ನು ರೂಪಿಸಿ, 2004ರಲ್ಲಿ ಬದುಕಿರುವವರ ಮಿದುಳಿನಲ್ಲೇ ಅಮಿಲಾಯ್ಡ್ ತೋರಿಸಿಕೊಟ್ಟರು. ಮರೆವಿನ ಸುಳಿವೇ ಇಲ್ಲದ ಎಷ್ಟೋ ವೃದ್ಧರ ಮಿದುಳೂ ಬೆಳಗಿತು. ರೋಗದ ಸದ್ದಿಲ್ಲದ ವರ್ಷಗಳು ಕಣ್ಣಿಗೆ ಬಿದ್ದದ್ದು ಹೀಗೆ. ಆದರೆ ಪೆಟ್ ದುಬಾರಿ, ಅದೇ ಸುಳಿವು ಕೊಡುವ ಇನ್ನೊಂದು ಪರೀಕ್ಷೆಗೆ ಬೆನ್ನುಹುರಿಯ ದ್ರವ ತೆಗೆಸಿಕೊಳ್ಳಲು ಜನ ಹೆದರುತ್ತಾರೆ.

ಈಗ ಬಂದಿರುವುದು ರಕ್ತ ಪರೀಕ್ಷೆ. ಟೌ ಪ್ರೋಟೀನಿನ 217ನೆಯ ಸ್ಥಾನದಲ್ಲಿ ಫಾಸ್ಫೇಟ್ ಅಂಟಿದ ರೂಪ, ಪಿ-ಟೌ217, ಮಿದುಳಿನಲ್ಲಿ ಚಕ್ಕೆಗಳು ಬೆಳೆದಂತೆ ರಕ್ತದಲ್ಲೂ ಏರುತ್ತದೆ. ಅದರ ಪ್ರಮಾಣ ಎಷ್ಟು ಅಲ್ಪವೆಂದರೆ, ಅಳೆಯುವ ತಂತ್ರ ಸಾಣೆ ಹಿಡಿಸಿಕೊಳ್ಳಲು ವರ್ಷಗಳೇ ಬೇಕಾದವು. ಸ್ವೀಡನ್ನಿನಲ್ಲಿ ಮರೆವಿನ ದೂರು ಹೊತ್ತು ಬಂದ 1,213 ಜನರ ಮೇಲೆ ನಡೆಸಿದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ವೈದ್ಯರ ಅಂದಾಜು ಶೇ 61ರಷ್ಟು, ಮರೆವಿನ ತಜ್ಞರದು ಶೇ 73ರಷ್ಟು ಸರಿಯಿದ್ದರೆ ರಕ್ತ ಪರೀಕ್ಷೆ ಶೇ 90ರ ಆಸುಪಾಸಿನಲ್ಲಿ ಸರಿಯಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕ ಇಂಥ ಮೊದಲ ರಕ್ತ ಪರೀಕ್ಷೆಗೆ ಪರವಾನಗಿ ಕೊಟ್ಟಿತು. ಇದು ಮರೆವಿನ ಲಕ್ಷಣ ಇದ್ದವರಿಗೆ ಮಾಡುವ ಪರೀಕ್ಷೆ. ಗಟ್ಟಿಮುಟ್ಟಾಗಿರುವವರು ಕುತೂಹಲಕ್ಕೆ ಮಾಡಿಸಿಕೊಂಡು, ಎಂದೂ ಬಾರದೇ ಇರಬಹುದಾದ ರೋಗದ ಭಯವನ್ನು ಇಪ್ಪತ್ತು ವರ್ಷ ಹೊತ್ತು ತಿರುಗುವುದರಿಂದ ಯಾರಿಗೂ ಹಿತವಿಲ್ಲ.

ಬೇರೆ ಎಳೆಗಳು

ಮಿದುಳಿನ ಕಾವಲು ಮತ್ತು ಕಸದ ಕೆಲಸ ಮೈಕ್ರೋಗ್ಲಿಯಾ ಎಂಬ ಕೋಶಗಳದು. ಅವುಗಳ ಟ್ರೆಮ್-2 ಎಂಬ ಜೀನ್ ಕೆಟ್ಟರೆ ಅಲ್ಜೈಮರ್ ಅಪಾಯ ಏರುತ್ತದೆ ಎಂದು 2012ರಲ್ಲಿ ತಿಳಿದ ಮೇಲೆ, ರೋಗ ನರಕೋಶಗಳದ್ದಷ್ಟೇ ಅಲ್ಲ, ಮಿದುಳಿನ ರಕ್ಷಣಾ ವ್ಯವಸ್ಥೆಯದೂ ಹೌದು ಎಂಬ ನೋಟ ಬಲಗೊಂಡಿತು. ಈ ಹಿನ್ನೆಲೆಯಲ್ಲಿ ಸರ್ಪಸುತ್ತಿನ ಲಸಿಕೆಯ ಕಥೆ ಸ್ವಾರಸ್ಯದ್ದು. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಲ್ಲಿ ಆ ಲಸಿಕೆ ಕೊಡಲು ಶುರುಮಾಡಿದಾಗ 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಅವಕಾಶವಿತ್ತು. ಒಂದು ವಾರ ಮೊದಲು ಹುಟ್ಟಿದವರಿಗೆ ಇಲ್ಲ, ಒಂದು ವಾರ ಆಮೇಲೆ ಹುಟ್ಟಿದವರಿಗೆ ಇದೆ. ಊಟ, ಓದು, ಅಂತಸ್ತು ಎಲ್ಲ ಒಂದೇ, ಬೇರೆಯಿರುವುದು ಹುಟ್ಟಿದ ತಾರೀಖು ಮಾತ್ರ. ಲಾಟರಿ ಎತ್ತಿ ಗುಂಪು ಮಾಡಿದಂತೆ ಸರ್ಕಾರದ ಒಂದು ಆದೇಶ ಜನರನ್ನು ಎರಡು ಪಾಲು ಮಾಡಿತ್ತು. ಪಾಸ್ಕಲ್ ಗೆಲ್ಡ್‌ಸೆಟ್ಜರ್ ಅವರ ತಂಡ ಏಳು ವರ್ಷಗಳ ದಾಖಲೆ ಹೋಲಿಸಿದಾಗ ಲಸಿಕೆ ಪಡೆದವರಲ್ಲಿ ಡಿಮೆನ್ಶಿಯಾ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಿತ್ತು. ಇದು 2025ರಲ್ಲಿ ‘ನೇಚರ್’ನಲ್ಲಿ ಪ್ರಕಟವಾಯಿತು. ವೈರಸ್ಸಿನ ಕಾಟ ತಪ್ಪಿದ್ದರಿಂದ ಹೀಗಾಯಿತೋ, ಲಸಿಕೆ ರಕ್ಷಣಾ ವ್ಯವಸ್ಥೆಯನ್ನೇ ಹುರಿಗೊಳಿಸಿದ್ದರಿಂದಲೋ ಎಂಬ ಪ್ರಶ್ನೆ ತೆರೆದೇ ಇದೆ.

ಅದೇ ವರ್ಷ ಹಾರ್ವರ್ಡಿನ ಬ್ರೂಸ್ ಯಾಂಕ್ನರ್ ತಂಡ, ಮಿದುಳಿನಲ್ಲಿ ಸಹಜವಾಗಿರುವ ಲಿಥಿಯಂ ಅಲ್ಜೈಮರ್‌ನ ಆರಂಭದಲ್ಲೇ ತಗ್ಗುತ್ತದೆ, ಇಲಿಗಳಿಗೆ ಅತ್ಯಲ್ಪ ಲಿಥಿಯಂ ಒರೊಟೇಟ್ ಕೊಟ್ಟರೆ ನೆನಪು ಸುಧಾರಿಸುತ್ತದೆ ಎಂದು ತೋರಿಸಿತು. ಇಲಿಯ ಫಲಿತಾಂಶ ನೋಡಿ ಲಿಥಿಯಂ ಕೊಂಡು ನುಂಗುವುದು ಮೂತ್ರಪಿಂಡಕ್ಕೂ ಥೈರಾಯ್ಡ್‌ಗೂ ಅಪಾಯ. ಇನ್ನು, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿಗೆ ಹೆಸರಾದ ಸೆಮಾಗ್ಲುಟೈಡ್ ಮಾತ್ರೆ ಅಲ್ಜೈಮರ್ ಅನ್ನು ನಿಧಾನಗೊಳಿಸಲಿಲ್ಲ ಎಂದು 2025ರ ನವೆಂಬರಿನಲ್ಲಿ ತಿಳಿಯಿತು.

ತಡೆಯಬಹುದಾದದ್ದು

‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗ 2024ರಲ್ಲಿ, ಬದಲಾಯಿಸಬಹುದಾದ ಹದಿನಾಲ್ಕು ಕಾರಣಗಳು ಸೇರಿ ಡಿಮೆನ್ಶಿಯಾದ ಸುಮಾರು ಶೇ 45 ಪಾಲಿಗೆ ಹೊಣೆ ಎಂದು ಲೆಕ್ಕ ಹಾಕಿತು. ಎಳವೆಯಲ್ಲಿ ಓದಿನ ಕೊರತೆ, ನಡುವಯಸ್ಸಿನ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಕಿವುಡುತನ, ತಲೆಪೆಟ್ಟು, ಹೊಗೆಸೊಪ್ಪು, ಕೆಟ್ಟ ಗಾಳಿ, ಒಂಟಿತನ, ಚಿಕಿತ್ಸೆ ಕಾಣದ ದೃಷ್ಟಿದೋಷ ಈ ಪಟ್ಟಿಯಲ್ಲಿವೆ. ಅಪ್ಪನಿಗೆ ಕಿವಿ ಕೇಳಿಸದೆ ಮಾತು ಕಡಿಮೆಯಾಗುತ್ತದೆ, ಮನೆಯವರು ಕೂಗಿ ಕೂಗಿ ಬೇಸತ್ತು ಸುಮ್ಮನಾಗುತ್ತಾರೆ, ಅವರು ಜಗಲಿಯ ಮೂಲೆಗೆ ಸರಿಯುತ್ತಾರೆ. ಮಿದುಳಿಗೆ ಬರುವ ಸದ್ದೂ ಸಂಗವೂ ಒಟ್ಟಿಗೆ ಬತ್ತುತ್ತವೆ. 2023ರಲ್ಲಿ ಅಮೆರಿಕದಲ್ಲಿ 977 ವೃದ್ಧರ ಮೇಲೆ ನಡೆದ ಪ್ರಯೋಗದಲ್ಲಿ ಶ್ರವಣಯಂತ್ರ ಒಟ್ಟಾರೆ ವ್ಯತ್ಯಾಸ ತೋರಿಸಲಿಲ್ಲ, ಆದರೆ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಮೂರು ವರ್ಷದ ಬುದ್ಧಿಶಕ್ತಿಯ ಕುಸಿತವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಕಣ್ಣಿನ ಪೊರೆ ತೆಗೆಸಿಕೊಂಡವರಲ್ಲಿ ಡಿಮೆನ್ಶಿಯಾ ಕಡಿಮೆ ಎಂದು 2022ರ ಅಧ್ಯಯನ ಹೇಳಿತು. ಊಟ, ವ್ಯಾಯಾಮ, ಬುದ್ಧಿಗೆ ಕಸರತ್ತು, ರಕ್ತದೊತ್ತಡದ ನಿಗಾ ನಾಲ್ಕನ್ನೂ ಕೂಡಿಸಿದ ಫಿನ್ಲೆಂಡಿನ ಫಿಂಗರ್ ಪ್ರಯೋಗ 2015ರಲ್ಲಿ, ಅದೇ ಮಾದರಿಯ ಅಮೆರಿಕದ ಪಾಯಿಂಟರ್ ಪ್ರಯೋಗ 2025ರಲ್ಲಿ ಫಲ ತೋರಿಸಿದವು. ನಮ್ಮ ದೇಶದ ಮಟ್ಟಿಗೆ, ಬಿಪಿ ಮಾತ್ರೆ ಮತ್ತು ಪೊರೆಯ ಶಸ್ತ್ರಚಿಕಿತ್ಸೆ ಹಳ್ಳಿಯ ಕೊನೆಯ ಮನೆ ತಲುಪುವುದರಿಂದ ಆಗುವ ಉಪಕಾರ ಹೊಸ ಪ್ರತಿಕಾಯಗಳಿಂದ ಆಗುವುದಕ್ಕಿಂತ ಬಹಳ ದೊಡ್ಡದು.

ಭಾರತ ಮತ್ತು ಕರ್ನಾಟಕ

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು, ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು, ಹಳ್ಳಿಗಳಲ್ಲಿ ಪಟ್ಟಣಕ್ಕಿಂತ ಹೆಚ್ಚು. ಶಾಲೆಯ ಮೆಟ್ಟಿಲು ಹತ್ತದ ತಲೆಮಾರು ಅದು.

ಆ ತಲೆಮಾರಿನ ನೆನಪನ್ನು ಅಳೆಯುವುದೇ ಒಂದು ಕಲೆ. ಪಶ್ಚಿಮದ ಪರೀಕ್ಷೆಗಳು ಹಾಳೆ ಪೆನ್ನು ಕೊಟ್ಟು ವಾಕ್ಯ ಬರೆಯಿರಿ, ‘ಕಣ್ಣು ಮುಚ್ಚಿ’ ಎಂಬ ಬರಹ ಓದಿ ಹಾಗೆ ಮಾಡಿ ಎನ್ನುತ್ತವೆ. ಅಕ್ಷರ ಬಾರದ ಅಜ್ಜಿ ಇದರಲ್ಲಿ ಸೋತರೆ ಅದು ಮರೆವಲ್ಲ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಹಿಂದಿಯಲ್ಲಿ ಪರೀಕ್ಷೆ ರೂಪಿಸುವಾಗ, ನನ್ನ ಮುಖ ನೋಡಿ ನಾನು ಮಾಡಿದಂತೆ ಮಾಡಿ ಎಂದು ಹೇಳಿ ತಾವೇ ಕಣ್ಣು ಮುಚ್ಚಿ ತೋರಿಸುವ ಉಪಾಯ ಮಾಡಿದರು.

ನಮ್ಮ ನಾಡಿನ ಬಹುಭಾಷಿಕತೆಗೂ ಇಲ್ಲಿ ಪಾತ್ರವಿದೆ. ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿ, ಎರಡು ಭಾಷೆ ಆಡುವವರಲ್ಲಿ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಲಕ್ಷಣಗಳು ಶುರುವಾದವೆಂದು 2013ರಲ್ಲಿ ಬರೆದರು. ಅನಕ್ಷರಸ್ಥರಲ್ಲೂ ಈ ಅಂತರವಿತ್ತು, ಹಾಗಾಗಿ ಇದು ಓದಿನ ಫಲವೆಂದು ತಳ್ಳಿಹಾಕುವಂತಿಲ್ಲ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಅಲ್ಲಾಡಿ ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಅದೇ ನಿಮ್ಹಾನ್ಸ್‌ನಲ್ಲಿ ಎಸ್. ಕೆ. ಶಂಕರ್ ಅವರು 1995ರಲ್ಲಿ ಕಟ್ಟಿದ ಮಿದುಳು ಸಂಗ್ರಹವಿದೆ. ಕುಟುಂಬಗಳು ದಾನ ಕೊಟ್ಟ ಮಿದುಳುಗಳು ಅಲ್ಲಿ ಸಂಶೋಧನೆಗಾಗಿ ಕಾದಿವೆ. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಜನ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು.

ಕರ್ನಾಟಕದ ದೊಡ್ಡ ಕೆಲಸ ನಡೆಯುತ್ತಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಮಾವಿನ ತೋಪುಗಳ ನಡುವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಮುಂದಾಳತ್ವದಲ್ಲಿ, ಆ ತಾಲ್ಲೂಕಿನ ಹಳ್ಳಿಗಳ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನವನ್ನು 2018ರಲ್ಲಿ ಶುರುಮಾಡಿತು. ಬೆಂಗಳೂರು ನಗರದಲ್ಲಿ ಅದಕ್ಕೆ ಜೊತೆಯಾಗಿ ಸಾವಿರ ಜನರ ಇನ್ನೊಂದು ಅಧ್ಯಯನವಿದೆ. ಭಾರತೀಯರ ಹತ್ತು ಸಾವಿರ ಜೀನೋಮ್‌ಗಳನ್ನು ಓದಿದ ರಾಷ್ಟ್ರೀಯ ಯೋಜನೆಗೂ ಈ ಕೇಂದ್ರವೇ ಸಂಯೋಜಕ. ಇಷ್ಟು ಕಾಲ ಎಪಿಒಇ-4ರಿಂದ ಹಿಡಿದು ಎಲ್ಲ ಅಪಾಯದ ಲೆಕ್ಕಗಳೂ ಹೆಚ್ಚಾಗಿ ಯುರೋಪ್ ಮೂಲದವರ ರಕ್ತದಿಂದ ಬಂದವು, ಬೇಳೆಸಾರು ಮುದ್ದೆ ಉಂಡು, ಸೌದೆ ಒಲೆಯ ಹೊಗೆ ಕುಡಿದು ಬಾಳಿದವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ಯಾರೂ ಇಷ್ಟು ದೊಡ್ಡದಾಗಿ ಕೇಳಿರಲಿಲ್ಲ. ಕನ್ನಡ ಮತ್ತು ತೆಲುಗು ಬೆರೆಸಿ ಮಾತಾಡುವ ಆ ಗಡಿಸೀಮೆಯ ರೈತರು, ಕೂಲಿಯವರು, ಮನೆವಾರ್ತೆಯ ಹೆಂಗಸರು ತಮ್ಮ ನುಡಿಯಲ್ಲೇ ನೆನಪಿನ ಪರೀಕ್ಷೆಗೆ ಕೂರುತ್ತಾರೆ, ರಕ್ತ ಕೊಡುತ್ತಾರೆ, ಎಂಆರ್‌ಐಗೆ ಮಲಗುತ್ತಾರೆ, ವರ್ಷಗಳ ಮೇಲೆ ಮತ್ತೆ ಬರುತ್ತಾರೆ. ಅಧ್ಯಯನಕ್ಕೆ ಸೇರುವಾಗ ಅವರಿಗೆ ಡಿಮೆನ್ಶಿಯಾ ಇರುವುದಿಲ್ಲ. ಮುಂದೆ ಯಾರಿಗಾದರೂ ಬಂದರೆ, ಅದು ಬರುವ ಮೊದಲಿನ ವರ್ಷಗಳ ಅವರ ರಕ್ತ ಶೀತಲಪೆಟ್ಟಿಗೆಯಲ್ಲಿ ಆಗಲೇ ಇರುತ್ತದೆ.